ರಾಬರ್ಟ್ ಫುಲ್ಟನ್ ಮತ್ತು ಯಾರೂ ನಂಬದ ಮುಳುಗುದೋಣಿ

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದು ಪಟ್ಟಿಯಿರುತ್ತದೆ. ಎಡಗಡೆ ಯಂತ್ರದ ಹೆಸರು, ಬಲಗಡೆ ಅದನ್ನು ಕಂಡುಹಿಡಿದವನ ಹೆಸರು. ಉಗಿಹಡಗು ಎಂದಿರುವ ಸಾಲಿನಲ್ಲಿ ರಾಬರ್ಟ್ ಫುಲ್ಟನ್ ಎಂದು ಬರೆದಿರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಉತ್ತರ ಪೂರ್ತಿ ಸರಿಯಲ್ಲ. ಅವನಿಗಿಂತ ಮೊದಲೇ ಫ್ರಾನ್ಸಿನಲ್ಲಿ ಜೂಫ್ರುವಾ, ಅಮೆರಿಕದಲ್ಲಿ ಜಾನ್ ಫಿಚ್, ಸ್ಕಾಟ್ಲೆಂಡಿನಲ್ಲಿ ಸಿಮಿಂಗ್‌ಟನ್ ಎಂಬವರು ಉಗಿಯ ಬಲದಿಂದ ದೋಣಿ ನಡೆಸಿ ತೋರಿಸಿದ್ದರು. ಉಗಿಹಡಗನ್ನು ಜನ ಹಣ ಕೊಟ್ಟು ಹತ್ತುವಂತೆ ಮಾಡಿದವನು ಫುಲ್ಟನ್. ಅದು ಸಣ್ಣ ಸಾಧನೆಯಲ್ಲ. ಆದರೂ ಅವನ ಬಾಳಿನ ಅತ್ಯುತ್ತಮ ವರ್ಷಗಳು ಸಂದದ್ದು ಬೇರೊಂದು ಕೆಲಸಕ್ಕೆ. ನೀರಿನ ಮೇಲೆ ಓಡುವ ದೋಣಿಗಿಂತ ನೀರಿನ ಅಡಿಯಲ್ಲಿ ಓಡುವ ದೋಣಿ ಅವನನ್ನು ಹೆಚ್ಚು ಕಾಡಿತು. ಆ ದೋಣಿಯನ್ನು ಮೂರು ದೇಶಗಳು ಕಂಡವು, ಮೂರೂ ಒಲ್ಲೆವೆಂದವು.

ಬೇರೆ ದೇಶವೊಂದು ಹೊಸ ಜಲಾಂತರ್ಗಾಮಿಯನ್ನೋ ಹೊಸ ಕ್ಷಿಪಣಿಯನ್ನೋ ಮಾಡಿದೆಯೆಂದು ಪತ್ರಿಕೆಯಲ್ಲಿ ಸುದ್ದಿ ಬಂದರೆ ನಮ್ಮ ಮನೆಗಳ ಜಗಲಿಯಲ್ಲಿ ಎರಡು ಮಾತು ಕೇಳಿಬರುತ್ತವೆ. ಇದೆಲ್ಲ ಬರಿಯ ಬಡಾಯಿ ಎಂದು ಕೆಲವರು. ಇನ್ನು ನಮ್ಮ ಗತಿ ಮುಗಿಯಿತು ಎಂದು ಕೆಲವರು. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಲಂಡನ್ನಿನಲ್ಲಿಯೂ ಪ್ಯಾರಿಸಿನಲ್ಲಿಯೂ ಇದೇ ಮಾತು ನಡೆಯಿತು. ಆಗ ನಂಬದೆ ಹೋದವರು ಮೂರ್ಖರೇನಲ್ಲ. ಅವರ ಕಾಲದ ಅತ್ಯಂತ ಬುದ್ಧಿವಂತರು. ಅವರು ಯಾವುದರಲ್ಲಿ ಸರಿ, ಯಾವುದರಲ್ಲಿ ತಪ್ಪು ಎಂಬುದನ್ನು ತಿಳಿಯಲು ಫುಲ್ಟನ್ನನ ಕಥೆಗಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ರಾಬರ್ಟ್ ಫುಲ್ಟನ್ 1765ರ ನವೆಂಬರ್ 14ರಂದು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಲ್ಯಾಂಕಾಸ್ಟರ್ ಜಿಲ್ಲೆಯ ಒಂದು ಹೊಲಮನೆಯಲ್ಲಿ ಹುಟ್ಟಿದನು. ಸಾಲದ ಹೊರೆಯಿಂದ ಆ ಹೊಲ ಕೈಬಿಟ್ಟುಹೋಯಿತು. ಸಂಸಾರ ಲ್ಯಾಂಕಾಸ್ಟರ್ ಪಟ್ಟಣಕ್ಕೆ ಬಂತು. ಹುಡುಗ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡನು. ಲ್ಯಾಂಕಾಸ್ಟರ್ ಆ ಕಾಲಕ್ಕೆ ಬಂದೂಕು ಮಾಡುವವರ ಊರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾದಾಗ ರಾಬರ್ಟನಿಗೆ ಹತ್ತು ತುಂಬಿರಲಿಲ್ಲ. ಕಮ್ಮಾರಸಾಲೆಗಳ ಮುಂದೆ ನಿಂತು ನೋಡುವುದು, ಚಿತ್ರ ಬರೆಯುವುದು ಇವೇ ಅವನ ವಿದ್ಯಾಭ್ಯಾಸದ ಮುಖ್ಯ ಪಾಠಗಳು. ಮೀನು ಹಿಡಿಯಲು ಹೋದಾಗ ಕೋಲಿನಿಂದ ದೋಣಿ ತಳ್ಳಿ ಬೇಸತ್ತು, ಕೈಯಿಂದ ತಿರುಗಿಸುವ ಚಕ್ರವನ್ನು ದೋಣಿಗೆ ಕಟ್ಟಿದನೆಂದು ಊರಿನವರು ಮುಂದೆ ಹೇಳುತ್ತಿದ್ದರು. ದೊಡ್ಡವರಾದವರ ಬಾಲ್ಯದ ಬಗ್ಗೆ ಇಂಥ ಕಥೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಆದುದರಿಂದ ಇದನ್ನು ಕಥೆಯೆಂದೇ ಇಟ್ಟುಕೊಳ್ಳೋಣ.

ಹದಿಹರೆಯದಲ್ಲಿ ಅವನು ಫಿಲಡೆಲ್ಫಿಯಾ ನಗರಕ್ಕೆ ಹೋಗಿ ಆಭರಣದ ಅಂಗಡಿಯಲ್ಲಿ ಕೆಲಸ ಕಲಿತನು. ಪದಕಗಳೊಳಗೆ ಇಡುವ ಅಂಗುಲದಷ್ಟು ಚಿಕ್ಕ ಮುಖಚಿತ್ರಗಳನ್ನು ಬರೆಯುವುದರಲ್ಲಿ ಅವನ ಕೈ ಪಳಗಿತು. ಹಾಗೆ ಗಳಿಸಿದ ಹಣದಿಂದ ಇಪ್ಪತ್ತೊಂದನೆಯ ವಯಸ್ಸಿಗೆ ತಾಯಿಗೆ ಒಂದು ಹೊಲವನ್ನು ಕೊಂಡುಕೊಟ್ಟನು. ಕಳೆದುಕೊಂಡ ಹೊಲಕ್ಕೆ ಬದಲಾಗಿ ಮಗ ತಾಯಿಗೆ ಕೊಟ್ಟ ಹೊಲ ಅದು. ಫುಲ್ಟನ್ನನ ಮುಂದಿನ ಬಾಳಿನಲ್ಲಿ ಹಣದ ಲೆಕ್ಕಾಚಾರ ಬಹಳ ಬರುತ್ತದೆ. ಅದನ್ನು ಓದುವಾಗ ಈ ಹೊಲವೂ ನಮ್ಮ ನೆನಪಿನಲ್ಲಿರಬೇಕು.

ಅನಂತರ ಇಂಗ್ಲೆಂಡಿಗೆ ಹೋಗಿ, ಅಮೆರಿಕದಿಂದಲೇ ಬಂದು ಲಂಡನ್ನಿನಲ್ಲಿ ಹೆಸರು ಮಾಡಿದ್ದ ಬೆಂಜಮಿನ್ ವೆಸ್ಟ್ ಎಂಬ ಚಿತ್ರಕಾರನ ಆಶ್ರಯ ಪಡೆದನು. ಚಿತ್ರಕಲೆಯಲ್ಲಿ ತಾನು ಎಷ್ಟು ದೂರ ಹೋಗಬಲ್ಲೆನೆಂಬುದು ಕೆಲವೇ ವರ್ಷಗಳಲ್ಲಿ ಅವನಿಗೆ ಗೊತ್ತಾಯಿತು. ಬಹಳ ದೂರವಲ್ಲ. ಆಗ ಇಂಗ್ಲೆಂಡಿನ ತುಂಬ ಕಾಲುವೆ ತೋಡುವ ಉತ್ಸಾಹ. ಫುಲ್ಟನ್ ಕುಂಚವನ್ನು ಬದಿಗಿಟ್ಟು ಯಂತ್ರಗಳತ್ತ ತಿರುಗಿದನು. ಅಮೃತಶಿಲೆ ಕೊಯ್ಯುವ ಗರಗಸ, ಕಾಲುವೆ ಅಗೆಯುವ ಯಂತ್ರ, ದೋಣಿಗಳನ್ನು ಇಳಿಜಾರಿನ ಮೇಲೆ ಎಳೆದೊಯ್ಯುವ ಏರ್ಪಾಡು ಹೀಗೆ ಒಂದರ ಮೇಲೊಂದು ಯೋಜನೆ. 1796ರಲ್ಲಿ ಕಾಲುವೆಗಳ ಬಗ್ಗೆ ಒಂದು ಪುಸ್ತಕವನ್ನೂ ಬರೆದನು. ಅದರ ಚಿತ್ರಗಳನ್ನು ತಾನೇ ಬರೆದದ್ದರಿಂದ ಅವು ನೋಡಲು ಸೊಗಸಾಗಿವೆ. ಕಾಲುವೆಯಿಂದ ಹಣವೇನೂ ಬರಲಿಲ್ಲ. 1797ರಲ್ಲಿ ಅವನು ಪ್ಯಾರಿಸಿಗೆ ಹೋದನು.

ಆಗ ಫ್ರಾನ್ಸಿಗೂ ಇಂಗ್ಲೆಂಡಿಗೂ ಘೋರ ಯುದ್ಧ. ನೆಲದ ಮೇಲೆ ಫ್ರೆಂಚರನ್ನು ಮೀರಿಸುವವರಿಲ್ಲ, ನೀರಿನ ಮೇಲೆ ಇಂಗ್ಲಿಷರನ್ನು ಮೀರಿಸುವವರಿಲ್ಲ. ಇಂಗ್ಲಿಷರ ಹಡಗುಗಳು ಫ್ರಾನ್ಸಿನ ಬಂದರುಗಳ ಬಾಯಿಗೆ ಬೀಗ ಹಾಕಿದಂತೆ ನಿಂತಿದ್ದವು. ಎರಡೂ ಕಡೆಯವರು ಅಮೆರಿಕದಂಥ ಬೇರೆ ದೇಶಗಳ ವ್ಯಾಪಾರದ ಹಡಗುಗಳನ್ನೂ ಹಿಡಿಯುತ್ತಿದ್ದರು. ಫುಲ್ಟನ್ನನ ತಲೆಯಲ್ಲಿ ಒಂದು ತರ್ಕ ಹುಟ್ಟಿತು. ಕಡಲು ಯಾರ ಸ್ವತ್ತೂ ಅಲ್ಲ. ಅದನ್ನು ತನ್ನದೆನ್ನಲು ಒಂದು ದೇಶಕ್ಕೆ ಧೈರ್ಯ ಬಂದಿರುವುದು ದೊಡ್ಡ ಯುದ್ಧನೌಕೆಗಳಿಂದ. ಯಾರ ಕಣ್ಣಿಗೂ ಬೀಳದ ಚಿಕ್ಕ ದೋಣಿಯೊಂದು ಅಂಥ ನೌಕೆಯನ್ನು ಅಡಿಯಿಂದ ಸಿಡಿಸಬಲ್ಲುದಾದರೆ ನೌಕಾದಳಗಳೇ ನಿರರ್ಥಕವಾಗುತ್ತವೆ; ಆಗ ಕಡಲು ಎಲ್ಲರ ವ್ಯಾಪಾರಕ್ಕೂ ತೆರೆದಿರುತ್ತದೆ. ಅವನು ಇದನ್ನು ಮನಸಾರೆ ನಂಬಿದ್ದನೆಂದೇ ತೋರುತ್ತದೆ. ಆದರೆ ಅದೇ ಉಸಿರಿನಲ್ಲಿ, ನಾಶ ಮಾಡಿದ ಪ್ರತಿ ಇಂಗ್ಲಿಷ್ ಹಡಗಿನ ಪ್ರತಿ ತೋಪಿಗೂ ಇಂತಿಷ್ಟು ಸಾವಿರ ಫ್ರಾಂಕು ಎಂದು ದರವನ್ನೂ ಬರೆದು, 1797ರ ಡಿಸೆಂಬರಿನಲ್ಲಿ ಫ್ರೆಂಚ್ ಸರಕಾರಕ್ಕೆ ಅರ್ಜಿ ಕಳುಹಿಸಿದನು.

ಈ ಕಲ್ಪನೆ ಪೂರ್ತಿ ಅವನದೇ ಅಲ್ಲ. 1775ರಲ್ಲಿ ಅಮೆರಿಕದ ಡೇವಿಡ್ ಬುಶ್‌ನೆಲ್ ಎಂಬವನು ಒಬ್ಬನೇ ಕುಳಿತು ನಡೆಸುವ, ಆಮೆಯ ಎರಡು ಚಿಪ್ಪು ಕೂಡಿಸಿದಂಥ ಮರದ ಮುಳುಗುದೋಣಿಯನ್ನು ಮಾಡಿದ್ದನು. ಅದು ನ್ಯೂಯಾರ್ಕ್ ಬಂದರಿನಲ್ಲಿ ಇಂಗ್ಲಿಷ್ ಹಡಗೊಂದರ ಅಡಿಗೆ ಹೋಗಿ ಮದ್ದು ಕಟ್ಟಲಾಗದೆ ಮರಳಿತ್ತು. ಫುಲ್ಟನ್ ಅದನ್ನೇ ಮುಂದುವರಿಸಿದನು.

ಫ್ರಾನ್ಸಿನ ಉತ್ತರದಲ್ಲಿ ಒಂದು ವಿಚಿತ್ರವಿತ್ತು. ಯಂತ್ರ ಕೆಲಸ ಮಾಡುವುದೋ ಇಲ್ಲವೋ ಎಂಬುದು ನೌಕಾಸಚಿವನ ಮುಖ್ಯ ಸಂಶಯವಲ್ಲ. ಇದು ಮರ್ಯಾದಸ್ಥರ ಯುದ್ಧವೇ ಎಂಬುದು ಅವನ ಪ್ರಶ್ನೆ. ಫುಲ್ಟನ್ ತನಗೂ ತನ್ನ ಸಂಗಡಿಗರಿಗೂ ಸೈನಿಕರ ಅಧಿಕಾರಪತ್ರ ಕೊಡಬೇಕೆಂದು ಕೇಳಿದ್ದನು. ಏಕೆಂದರೆ ಸಿಕ್ಕಿಬಿದ್ದರೆ ಇಂಗ್ಲಿಷರು ಕಡಲ್ಗಳ್ಳರೆಂದು ಗಲ್ಲಿಗೇರಿಸುವುದು ಖಂಡಿತ. ಸಚಿವನು ಅದಕ್ಕೆ ಒಪ್ಪಲಿಲ್ಲ. ಕತ್ತಲಲ್ಲಿ ನೀರಿನಡಿ ಬಂದು ಮಲಗಿದವರನ್ನು ಸಿಡಿಸುವವನಿಗೆ ಸೈನಿಕನೆಂಬ ಹೆಸರು ಸಲ್ಲದು ಎಂಬ ಭಾವನೆ ಅವನದು. ಈಗ ನಮಗೆ ಇದು ನಗೆ ತರಿಸಬಹುದು. ನನಗಂತೂ ನಗು ಬರುವುದಿಲ್ಲ.

ಅರ್ಜಿ ಎರಡು ಮೂರು ಬಾರಿ ಹೋಯಿತು, ಬಂತು. ಈ ನಡುವೆ ಹೊಟ್ಟೆಪಾಡಿಗಾಗಿ ಫುಲ್ಟನ್ ಪ್ಯಾರಿಸಿನಲ್ಲಿ ಒಂದು ಗುಂಡಗಿನ ಕಟ್ಟಡದೊಳಗೆ ಸುತ್ತಲೂ ದೊಡ್ಡ ಚಿತ್ರ ಬರೆಸಿ, ನೋಡಲು ಬಂದವರಿಂದ ಹಣ ಪಡೆದನು. ಕೊನೆಗೆ ನೆಪೋಲಿಯನ್ ಅಧಿಕಾರಕ್ಕೆ ಬಂದನು, ಸಚಿವರು ಬದಲಾದರು, ಅನುಮತಿ ದೊರೆಯಿತು. ಕಟ್ಟಿದ ನೌಕೆಯನ್ನು 1800ರ ಜುಲೈ 24ರಂದು ರೂಆನ್ ಪಟ್ಟಣದಲ್ಲಿ ಸೇನ್ ನದಿಗೆ ಇಳಿಸಿದರು. ಅದರ ಹೆಸರು ನಾಟಿಲಸ್. ಎಪ್ಪತ್ತು ವರ್ಷಗಳ ಅನಂತರ ಜೂಲ್ಸ್ ವೆರ್ನ್ ತನ್ನ ಪ್ರಸಿದ್ಧ ಕಾದಂಬರಿಯ ಜಲಾಂತರ್ಗಾಮಿಗೆ ಇಟ್ಟದ್ದೂ ಇದೇ ಹೆಸರು.

ಈ ನೌಕೆ ಹೇಗಿತ್ತೆಂದು ಸ್ವಲ್ಪ ವಿವರವಾಗಿ ನೋಡಬೇಕು. ಉದ್ದ ಸುಮಾರು 21 ಅಡಿ, ಅಗಲ 6 ಅಡಿಗಿಂತ ತುಸು ಹೆಚ್ಚು. ಕಬ್ಬಿಣದ ಪಕ್ಕೆಲುಬುಗಳ ಮೇಲೆ ತಾಮ್ರದ ತಗಡು. ಮೇಲೆ ಮಡಚಬಹುದಾದ ಹಾಯಿ. ನೀರಿನ ಮೇಲಿರುವಾಗ ಸಾಮಾನ್ಯ ದೋಣಿಯಂತೆ ಹಾಯಿ ಬಿಚ್ಚಿ ಸಾಗಬಹುದು. ಮುಳುಗಬೇಕಾದಾಗ ಹಾಯಿಯನ್ನೂ ಕಂಬವನ್ನೂ ಮಡಚಿ, ಅಡಿಯಲ್ಲಿರುವ ಪೊಳ್ಳಿನೊಳಗೆ ನೀರು ಬಿಡುವುದು. ಬಾವಿಗೆ ಇಳಿಸಿದ ಕೊಡಪಾನವನ್ನು ನೀವು ನೋಡಿದ್ದೀರಿ. ಮೊದಲು ತೇಲುತ್ತದೆ, ಬಾಯಿ ವಾಲಿ ನೀರು ಕುಡಿದೊಡನೆ ಮುಳುಗುತ್ತದೆ. ನಾಟಿಲಸ್ ಮುಳುಗುತ್ತಿದ್ದುದು ಅದೇ ನಿಯಮದಂತೆ. ವ್ಯತ್ಯಾಸವೆಂದರೆ ಕುಡಿದ ನೀರನ್ನು ಪಂಪಿನಿಂದ ಹೊರಗೆ ಹಾಕಿ ಮತ್ತೆ ಮೇಲೆ ಬರಬಹುದಿತ್ತು. ಇಂದಿನ ಜಲಾಂತರ್ಗಾಮಿಗಳೂ ಮುಳುಗುವುದು ಹೀಗೆಯೇ. ಮುಂದೆ ಹೋಗಲು ಹಿಂಭಾಗದಲ್ಲಿ ತಿರುಪಿನಂಥ ಚಕ್ರ; ಅದನ್ನು ಒಳಗಿದ್ದವರು ಕೈಯಿಂದ ತಿರುಗಿಸಬೇಕು. ಮುಂಭಾಗದಲ್ಲಿ ತಲೆ ಹಾಕಿ ನೋಡಲು ಒಂದು ಗುಮ್ಮಟ. ಗುಮ್ಮಟದ ಮೇಲೊಂದು ಚೂಪಾದ ಮೊಳೆ. ಶತ್ರುವಿನ ಹಡಗಿನ ಅಡಿಗೆ ಹೋಗಿ ಆ ಮೊಳೆಯನ್ನು ಮರದೊಳಗೆ ಕೊರೆದು ಬಿಡುವುದು. ಮೊಳೆಯ ಕಣ್ಣಿನ ಮೂಲಕ ಹಾಯುವ ಹಗ್ಗದ ತುದಿಯಲ್ಲಿ ಮದ್ದಿನ ಪೀಪಾಯಿ. ದೋಣಿ ಮುಂದೆ ಸಾಗಿದಂತೆ ಪೀಪಾಯಿ ಎಳೆಯಲ್ಪಟ್ಟು ಹಡಗಿಗೆ ತಗಲಿ ಸಿಡಿಯುವುದು. ಉಪಾಯ ಇದು.

ಆ ಪೀಪಾಯಿಗೆ ಫುಲ್ಟನ್ ಬಳಸಿದ ಹೆಸರು ಟಾರ್ಪೆಡೊ. ಮುಟ್ಟಿದವರ ಕೈ ಜೋಮು ಹಿಡಿಯುವಂತೆ ವಿದ್ಯುತ್ತಿನ ಏಟು ಕೊಡುವ ಒಂದು ಚಪ್ಪಟೆ ಮೀನಿಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರು ಅದು. ನಮ್ಮ ಕಡಲ ಕರೆಯಲ್ಲಿ ತೊರಕೆ ಎನ್ನುತ್ತೇವಲ್ಲ, ಆ ಮೀನುಗಳ ದೂರದ ನೆಂಟ. ಒಂದು ಮಾತು ಗಮನದಲ್ಲಿಡಬೇಕು. ಇಂದು ಟಾರ್ಪೆಡೊ ಎಂದರೆ ತಾನಾಗಿ ನೀರಿನಲ್ಲಿ ಓಡಿ ಹೋಗಿ ಹೊಡೆಯುವ ಅಸ್ತ್ರ. ಅಂಥದನ್ನು ರಾಬರ್ಟ್ ವೈಟ್‌ಹೆಡ್ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ್ದು 1866ರಲ್ಲಿ. ಫುಲ್ಟನ್ನನ ಟಾರ್ಪೆಡೊಗೆ ಓಟವಿರಲಿಲ್ಲ. ನಾವು ಈಗ ನೀರಿನ ಮೈನು ಎನ್ನುವ ಜಾತಿಯದು ಅದು.

1800ರ ಸೆಪ್ಟೆಂಬರಿನಲ್ಲಿ ಫುಲ್ಟನ್ ನಾಟಿಲಸ್‌ನಲ್ಲಿ ಕುಳಿತು ನಾರ್ಮಂಡಿಯ ಕರಾವಳಿಯಲ್ಲಿ ಲಂಗರು ಹಾಕಿದ್ದ ಎರಡು ಇಂಗ್ಲಿಷ್ ಹಡಗುಗಳ ಮೇಲೆ ಹೊರಟನು. ಎರಡು ಬಾರಿ ಸಮೀಪಿಸಲು ನೋಡಿದನು. ಎರಡು ಬಾರಿಯೂ ಅವು ಲಂಗರು ಎತ್ತಿ ದೂರ ಹೋದವು. ಅದು ಆಕಸ್ಮಿಕವೋ, ಗೂಢಚಾರರ ಸುದ್ದಿಯ ಫಲವೋ ಎಂದು ಚರಿತ್ರೆ ಬರೆದವರು ಚರ್ಚಿಸುತ್ತಾರೆ. ಒಂದಂತೂ ನಿಜ. ಫ್ರಾನ್ಸಿನಲ್ಲಿ ಒಬ್ಬ ಅಮೆರಿಕನ್ ಇಂಥದೊಂದನ್ನು ಕಟ್ಟುತ್ತಿದ್ದಾನೆಂಬುದು ಲಂಡನ್ನಿನ ನೌಕಾ ಕಚೇರಿಗೆ ತಿಳಿದಿತ್ತು. ಅವರು ಹೊರಗೆ ನಕ್ಕರು. ಒಳಗೊಳಗೆ ತಮ್ಮ ಕಪ್ತಾನರಿಗೆ ಎಚ್ಚರಿಕೆಯ ಕಾಗದ ಕಳುಹಿಸಿದರು. ನಂಬಿಕೆಯಿಲ್ಲವೆಂದು ಹೇಳುವುದು ಬೇರೆ, ನಂಬಿಕೆಯಿಲ್ಲದಿರುವುದು ಬೇರೆ.

ಮರುವರ್ಷ ಬ್ರೆಸ್ಟ್ ಬಂದರಿನಲ್ಲಿ ನಡೆದ ಪ್ರಯೋಗಗಳು ಫುಲ್ಟನ್ನನ ಬಾಳಿನ ಅತ್ಯಂತ ಧೈರ್ಯದ ದಿನಗಳು. 1801ರ ಜುಲೈ 3ರಂದು ಮೂವರು ಸಂಗಡಿಗರೊಡನೆ ಅವನು ಮೊದಲು 5 ಅಡಿ, ಆಮೇಲೆ 10, 15, ಹೀಗೆ 25 ಅಡಿಯ ಆಳಕ್ಕೆ ಇಳಿದು, ಒಂದು ಗಂಟೆ ಕಾಲ ಕತ್ತಲಲ್ಲಿ ಕುಳಿತನು. ಮೇಣದ ಬತ್ತಿ ಹಚ್ಚಿದರೆ ಅದು ಉಸಿರಾಡುವ ಗಾಳಿಯನ್ನೇ ತಿನ್ನುತ್ತದೆ. ಆದುದರಿಂದ ಗುಮ್ಮಟದಲ್ಲಿ ಒಂದೂವರೆ ಅಂಗುಲ ಅಗಲದ ದಪ್ಪ ಗಾಜನ್ನು ಕೂರಿಸಿದನು. ಆ ಬೆಳಕಿನಲ್ಲಿ ಗಡಿಯಾರದ ಮುಳ್ಳು ಕಾಣುತ್ತಿತ್ತು. ಮುಂದೆ ತಾಮ್ರದ ಗೋಳವೊಂದರಲ್ಲಿ ಗಾಳಿಯನ್ನು ಒತ್ತಿ ತುಂಬಿ ಒಯ್ದು, ನಾಲ್ಕು ಗಂಟೆಗಿಂತಲೂ ಹೆಚ್ಚು ಹೊತ್ತು ನೀರಿನಡಿಯಲ್ಲಿದ್ದನು. ಆಗಸ್ಟಿನಲ್ಲಿ ಪ್ರಯೋಗಕ್ಕೆಂದು ಕೊಟ್ಟ ಹಳೆಯ ದೋಣಿಯೊಂದನ್ನು ಸುಮಾರು 20 ಪೌಂಡು ಮದ್ದಿನಿಂದ ಚೂರುಚೂರು ಮಾಡಿ ತೋರಿಸಿದನು.

ಇಷ್ಟಾದ ಮೇಲೂ ಫ್ರಾನ್ಸ್ ಏಕೆ ಕೈಬಿಟ್ಟಿತು? ಸರಕಾರ ರಿಪೇರಿಗೆ 10,000 ಫ್ರಾಂಕು ಕೊಟ್ಟಿತ್ತು. 30ಕ್ಕಿಂತ ಹೆಚ್ಚು ತೋಪಿನ ಇಂಗ್ಲಿಷ್ ಹಡಗನ್ನು ಮುಳುಗಿಸಿದರೆ 4 ಲಕ್ಷ ಫ್ರಾಂಕಿನ ಬಹುಮಾನವನ್ನೂ ಗೊತ್ತುಮಾಡಿತ್ತು. ಆದರೆ ಆ ಬೇಸಿಗೆಯಲ್ಲಿ ಒಂದು ಹಡಗೂ ಕೈಗೆ ಸಿಗಲಿಲ್ಲ. ಕೈಯಿಂದ ತಿರುಗಿಸುವ ದೋಣಿ ಗಾಳಿಯಲ್ಲಿ ಓಡುವ ಹಡಗನ್ನು ಬೆನ್ನಟ್ಟಿ ಹಿಡಿಯುವುದು ಸಾಧ್ಯವೇ? ಉಬ್ಬರ ಇಳಿತಗಳ ಸೆಳೆತಕ್ಕೆ ಎದುರಾಗಿ ಹೋಗುವುದೇ ಕಷ್ಟ. ನೀರಿನಡಿಯಲ್ಲಿ ದಾರಿ ಕಾಣದು. ಮೇಲಾಗಿ ನಾಟಿಲಸ್ ಸೋರುತ್ತಿತ್ತು. ನೆಪೋಲಿಯನ್ ಅದನ್ನು ನೋಡಬೇಕೆಂದು ಹೇಳಿಕಳುಹಿಸುವ ಹೊತ್ತಿಗೆ ಫುಲ್ಟನ್ ನೌಕೆಯನ್ನು ಬಿಚ್ಚಿ ಹಾಕಿಬಿಟ್ಟಿದ್ದನು. ಯಾರಾದರೂ ತನ್ನ ಗುಟ್ಟನ್ನು ಕದ್ದಾರೆಂಬ ಭಯ ಅವನಿಗೆ. ತೋರಿಸಲೊಲ್ಲದವನನ್ನು ನಂಬುವವರಾರು? ಹೊಸ ಸಚಿವ ದೆಕ್ರೆ ಹಳೆಯ ಕಾಲದ ನೌಕಾಧಿಕಾರಿ. ಅವನಿಗೆ ಮೊದಲಿಂದಲೂ ಈ ವಿದ್ಯೆ ರುಚಿಸಿರಲಿಲ್ಲ. ಅಲ್ಲಿಗೆ ಫ್ರಾನ್ಸಿನ ಅಧ್ಯಾಯ ಮುಗಿಯಿತು.

ಪ್ಯಾರಿಸಿನಲ್ಲಿಯೇ ಅಮೆರಿಕದ ರಾಯಭಾರಿ ರಾಬರ್ಟ್ ಲಿವಿಂಗ್‌ಸ್ಟನ್ನನ ಪರಿಚಯವಾಗಿ, ಇಬ್ಬರೂ ಪಾಲುದಾರರಾಗಿ ಉಗಿದೋಣಿಯ ಕೆಲಸಕ್ಕೆ ಕೈಹಾಕಿದರು. ಮೊದಲನೆಯ ದೋಣಿ ಯಂತ್ರದ ಭಾರಕ್ಕೆ ಮುರಿದು ಸೇನ್ ನದಿಯ ತಳ ಸೇರಿತು. ಇನ್ನೊಂದನ್ನು ಕಟ್ಟಿ 1803ರ ಆಗಸ್ಟ್ 9ರಂದು ಜನರೆದುರು ನಡೆಸಿ ತೋರಿಸಿದರು.

ಇನ್ನು ಬರುವ ಭಾಗವನ್ನು ಕೇಳಿ ಕೆಲವರಿಗೆ ಫುಲ್ಟನ್ನನ ಮೇಲೆ ಬೇಸರ ಬಂದೀತು. ನನಗೂ ಬಂದಿತ್ತು. ಕಡಲಿನ ಸ್ವಾತಂತ್ರ್ಯದ ಶತ್ರುವೆಂದು ಇಂಗ್ಲೆಂಡನ್ನು ಹೀಗಳೆದವನು 1804ರಲ್ಲಿ ಅದೇ ಇಂಗ್ಲೆಂಡಿಗೆ ಹೋದನು. ಫ್ರಾನ್ಸಿಗೆ ಮಾರಲು ನೋಡಿದ ವಿದ್ಯೆಯನ್ನು ಈಗ ಫ್ರಾನ್ಸಿನ ವಿರುದ್ಧ ಮಾರಲು ಸಿದ್ಧನಾದನು. ಹೆಸರನ್ನೂ ಬದಲಿಸಿ ಫ್ರಾನ್ಸಿಸ್ ಎಂದು ಇಟ್ಟುಕೊಂಡನು. ಇಂಗ್ಲೆಂಡಿನವರು ಅವನನ್ನು ಕರೆಸಿಕೊಂಡದ್ದು ಅವನ ಯಂತ್ರ ತಮಗೆ ಬೇಕೆಂದಷ್ಟೇ ಅಲ್ಲ, ಅದು ನೆಪೋಲಿಯನ್ನನ ಕೈಯಲ್ಲಿ ಉಳಿಯಬಾರದೆಂದು. ಅವನು ಮಾತ್ರ ತಾನು ಯಾವ ರಾಜನ ಪ್ರಜೆಯೂ ಅಲ್ಲ, ತನ್ನ ಯಂತ್ರ ಎಲ್ಲ ನೌಕಾದಳಗಳನ್ನೂ ಕೊನೆಗಾಣಿಸುವುದಕ್ಕೆ ಇರುವುದು, ಮೊದಲು ಯಾರು ಕೊಂಡರೇನು ಎಂದು ಸಮಾಧಾನ ಹೇಳಿಕೊಂಡನು. ಈ ಸಮಾಧಾನವನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬುದನ್ನು ಮನೆಯಲ್ಲಿ ಹಿರಿಯರೊಡನೆ ಕುಳಿತು ಚರ್ಚಿಸಿ ನೋಡಿ.

ಪ್ರಧಾನಮಂತ್ರಿ ಪಿಟ್ ಒಂದು ಪರೀಕ್ಷಕ ಮಂಡಲಿಯನ್ನು ನೇಮಿಸಿದನು. ಅದರಲ್ಲಿದ್ದವರು ಸಾಮಾನ್ಯರಲ್ಲ. ಜಲಜನಕ ವಾಯುವಿನ ಗುಣಗಳನ್ನು ಕಂಡುಹಿಡಿದ ಹೆನ್ರಿ ಕ್ಯಾವೆಂಡಿಶ್, ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್, ಸೇತುವೆಗಳ ಎಂಜಿನಿಯರ್ ಜಾನ್ ರೆನ್ನಿ ಮೊದಲಾದವರು. ಮುಳುಗುದೋಣಿ ಕಾರ್ಯಸಾಧ್ಯವಲ್ಲವೆಂದು ಅವರು ಹೇಳಿದರು. ಮದ್ದಿನ ಪೀಪಾಯಿಗಳನ್ನು ಮಾತ್ರ ಪರೀಕ್ಷಿಸಬಹುದೆಂದರು. ಜುಲೈ 20ರಂದು ಒಪ್ಪಂದವಾಯಿತು. ತಿಂಗಳಿಗೆ 200 ಪೌಂಡು ಸಂಬಳ. ಅವನ ಉಪಾಯದಿಂದ ನಾಶವಾದ ಫ್ರೆಂಚ್ ಹಡಗುಗಳ ಬೆಲೆಯಲ್ಲಿ ಅರ್ಧ ಪಾಲು.

ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರಲು ನೆಪೋಲಿಯನ್ ಬೂಲೋನ್ ಬಂದರಿನಲ್ಲಿ ನೂರಾರು ದೋಣಿಗಳನ್ನು ಕೂಡಿಸಿದ್ದನು. 1804ರ ಅಕ್ಟೋಬರ್ 2ರ ರಾತ್ರಿ ಅವುಗಳ ಮೇಲೆ ಫುಲ್ಟನ್ನನ ಪೀಪಾಯಿಗಳನ್ನೂ ಪೆಟ್ಟಿಗೆಗಳನ್ನೂ ತೇಲಿಬಿಟ್ಟರು. ಅವುಗಳನ್ನು ಎಳೆದೊಯ್ಯಲು ನೀರಿಗೆ ಸಮನಾಗಿ ತೇಲುವ ಚಿಕ್ಕ ತೆಪ್ಪಗಳಿದ್ದವು. ಇಂಗ್ಲಿಷ್ ನಾವಿಕರು ಅವನ್ನು ಕರೆದ ಹೆಸರು ನಮ್ಮ ಕಿವಿಗೆ ಪರಿಚಿತ: ಕ್ಯಾಟಮರಾನ್. ತಮಿಳು ಕರಾವಳಿಯ ಬೆಸ್ತರ ಕಟ್ಟುಮರವೇ ಇಂಗ್ಲಿಷರ ಬಾಯಲ್ಲಿ ಹೀಗಾಗಿ, ಫ್ರಾನ್ಸಿನ ಕಡಲಿನವರೆಗೆ ಹೋಗಿತ್ತು. ಆ ರಾತ್ರಿ ಬೆಳಗಿನವರೆಗೂ ಸಿಡಿತದ ಸದ್ದೇ ಸದ್ದು. ಬೆಳಗಾದ ಮೇಲೆ ನೋಡಿದರೆ ಫ್ರೆಂಚರಿಗೆ ಆದ ನಷ್ಟ ತೀರ ಅಲ್ಪ. ಲಂಡನ್ನಿನ ಪತ್ರಿಕೆಗಳು ಅಪಹಾಸ್ಯ ಮಾಡಿದವು. ಮರುವರ್ಷ ಮತ್ತೊಮ್ಮೆ ಪ್ರಯತ್ನಿಸಿದರು. ಎರಡು ಪೀಪಾಯಿಗಳು ಫ್ರೆಂಚ್ ದೋಣಿಗಳ ಪಕ್ಕದಲ್ಲಿಯೇ ಸಿಡಿದವು; ದೋಣಿಗಳು ಕುಲುಕಾಡಿ ಸುಮ್ಮನಾದವು.

ಸೋಲಿನ ಮುಂದೆ ಫುಲ್ಟನ್ ಕುಳಿತು ಯೋಚಿಸಿದ ರೀತಿ ವಿಜ್ಞಾನದ ವಿದ್ಯಾರ್ಥಿಗಳು ಕಲಿಯಬೇಕಾದುದು. ಅವನು ಅಧಿಕಾರಿಗಳನ್ನಾಗಲಿ ಅದೃಷ್ಟವನ್ನಾಗಲಿ ಬೈಯಲಿಲ್ಲ. ಪೀಪಾಯಿ ಎಲ್ಲಿ ಸಿಡಿಯಿತೆಂದು ಕೇಳಿದನು. ಅದು ಹಡಗಿನ ಪಕ್ಕದಲ್ಲಿ ನೇತಾಡುತ್ತ ಸಿಡಿದಿತ್ತು. ಪಕ್ಕದಲ್ಲಿ ಸಿಡಿದರೆ ಬಲವೆಲ್ಲ ಬದಿಯ ನೀರನ್ನು ಮೇಲಕ್ಕೆಸೆದು ವ್ಯರ್ಥವಾಗುತ್ತದೆ. ಹೊಟ್ಟೆಯ ಅಡಿಯಲ್ಲಿ ಸಿಡಿದರೆ ಅಡಿಯ ನೀರು ಗಟ್ಟಿನೆಲದಂತೆ ನಿಂತು ಹಡಗನ್ನೇ ಮೇಲಕ್ಕೆ ಎತ್ತುತ್ತದೆ. ಹಾಗಾದರೆ ಪೀಪಾಯಿ ಸೆಳೆತದೊಡನೆ ಹಡಗಿನ ಅಡಿಗೆ ಸರಿಯಬೇಕು. ಅದಕ್ಕಾಗಿ ಪೀಪಾಯಿಯ ತೂಕವನ್ನು ನೀರಿನ ತೂಕಕ್ಕೆ ಸರಿದೂಗಿಸಿದನು.

1805ರ ಅಕ್ಟೋಬರ್ 15. ಪಿಟ್ ಮಂತ್ರಿಯ ನಿವಾಸವಾಗಿದ್ದ ವಾಲ್ಮರ್ ಕೋಟೆಯ ಎದುರಿನ ಕಡಲಲ್ಲಿ ಡೊರೊಥಿಯಾ ಎಂಬ ಸುಮಾರು 200 ಟನ್ನಿನ ಗಟ್ಟಿಮುಟ್ಟಾದ ಹಡಗನ್ನು ಲಂಗರು ಹಾಕಿ ನಿಲ್ಲಿಸಿದ್ದರು. ದಡದಲ್ಲಿ ನೌಕಾಧಿಕಾರಿಗಳ ಗುಂಪು. ಅವರಲ್ಲೊಬ್ಬ ಕಪ್ತಾನ, ಈ ಹಡಗಿನ ಕೋಣೆಯಲ್ಲಿ ತಾನು ಊಟಕ್ಕೆ ಕುಳಿತಿರುವಾಗ ಅಡಿಯಲ್ಲಿ ಆ ಪೀಪಾಯಿಯನ್ನು ಇಟ್ಟರೂ ತನಗೆ ಚಿಂತೆಯಿಲ್ಲವೆಂದು ಜಂಬ ಕೊಚ್ಚಿದನಂತೆ. ಎರಡು ದೋಣಿಗಳು ಹಗ್ಗದಿಂದ ಬಿಗಿದ ಎರಡು ಟಾರ್ಪೆಡೊಗಳನ್ನು ಸೆಳೆತಕ್ಕೆ ಬಿಟ್ಟವು. ಒಂದರಲ್ಲಿ 180 ಪೌಂಡು ಮದ್ದು, ಗಡಿಯಾರದ ಯಂತ್ರ 18 ನಿಮಿಷಕ್ಕೆ ಹೊಂದಿಸಿದ್ದು. ಹಗ್ಗ ಹಡಗಿನ ಲಂಗರಿನ ಮಿಣಿಗೆ ಸಿಕ್ಕಿ ಪೀಪಾಯಿ ಹೊಟ್ಟೆಯ ಅಡಿಗೆ ಸರಿಯಿತು. ಹೇಳಿದ ಹೊತ್ತಿಗೆ ಡೊರೊಥಿಯಾ ಆರಡಿಯಷ್ಟು ಮೇಲೆದ್ದು ನಡುವೆ ಮುರಿದು, ಎರಡು ಹೋಳಾಗಿ, ಕೆಲವೇ ಗಳಿಗೆಯಲ್ಲಿ ಕಣ್ಮರೆಯಾಯಿತು. ತೇಲುತ್ತಿದ್ದ ಕೆಲವು ಮರದ ತುಂಡುಗಳ ಹೊರತು ಅಲ್ಲಿ ಏನೂ ಉಳಿಯಲಿಲ್ಲ. ಜಂಬದ ಕಪ್ತಾನನ ಮುಖ ಆಗ ಹೇಗಿತ್ತೆಂದು ಊಹಿಸಿಕೊಳ್ಳುವ ಕೆಲಸ ನಿಮಗೆ ಬಿಟ್ಟಿದ್ದು.

ಆದರೆ ಗೆದ್ದ ಕ್ಷಣದಲ್ಲಿಯೇ ಫುಲ್ಟನ್ ಸೋತನು. ಆರು ದಿನಗಳ ಮೇಲೆ, ಅಕ್ಟೋಬರ್ 21ರಂದು, ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ ಫ್ರಾನ್ಸ್ ಮತ್ತು ಸ್ಪೇನಿನ ನೌಕಾಬಲವನ್ನು ಮುರಿದು ತಾನೂ ಮಡಿದನು. ಹಳೆಯ ರೀತಿಯ ಹಡಗುಗಳಿಂದಲೇ ಕಡಲೆಲ್ಲ ಇಂಗ್ಲೆಂಡಿನದಾಯಿತು. ಇನ್ನು ಹೊಸ ಅಸ್ತ್ರ ಯಾರಿಗೆ ಬೇಕು? ಹಿರಿಯ ಅಡ್ಮಿರಲ್ ಸೇಂಟ್ ವಿನ್ಸೆಂಟ್ ಇದರಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕಂಡಿದ್ದನು. ಕಡಲನ್ನು ಆಳುವವರಿಗೆ ಈ ಬಗೆಯ ಯುದ್ಧ ಬೇಕಾಗಿಲ್ಲ. ಅದು ಫಲಿಸಿದರೆ ಆಳ್ವಿಕೆಯೇ ಕೈಬಿಡುತ್ತದೆ. ಇಂಥದಕ್ಕೆ ಪ್ರೋತ್ಸಾಹ ಕೊಟ್ಟ ಪಿಟ್ಟನಂಥ ಮೂರ್ಖನಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ಈ ಮುದುಕನ ಸಂಶಯ ಉಳಿದವರ ಸಂಶಯದಂತಲ್ಲ. ಯಂತ್ರ ನಡೆಯದೆಂದು ಅವನು ಹೇಳಲಿಲ್ಲ. ನಡೆದೀತೆಂದು ಗೊತ್ತಿದ್ದುದರಿಂದಲೇ ಬೇಡವೆಂದನು.

1806ರ ಜನವರಿಯಲ್ಲಿ ಪಿಟ್ ತೀರಿಕೊಂಡನು. ಕೇಳಿದ ಹಣದಲ್ಲಿ ಸ್ವಲ್ಪ ಭಾಗವನ್ನಷ್ಟೇ ಪಡೆದು ಫುಲ್ಟನ್ ಆ ವರ್ಷದ ಕೊನೆಗೆ ತಾಯ್ನಾಡಿಗೆ ಮರಳಿದನು. ಹೊರಡುವ ಮುನ್ನ, ಇಂಗ್ಲೆಂಡಿನಲ್ಲಿದ್ದಾಗ ರೂಪಿಸಿದ್ದ ಹೊಸ ಜಲಾಂತರ್ಗಾಮಿಯ ನಕಾಶೆಗಳನ್ನು ಲಂಡನ್ನಿನ ಅಮೆರಿಕನ್ ಪ್ರತಿನಿಧಿಯ ವಶದಲ್ಲಿ ಬಿಟ್ಟನು. ದಾರಿಯಲ್ಲಿ ಹಡಗು ಮುಳುಗಿದರೆ ತನ್ನ ಜೊತೆಗೆ ವಿದ್ಯೆಯೂ ಮುಳುಗಬಾರದೆಂದು.

ನ್ಯೂಯಾರ್ಕಿನಲ್ಲಿ 1807ರ ಜುಲೈ 20ರಂದು ಜನಜಂಗುಳಿಯ ಮುಂದೆ ಹಡಗೊಂದನ್ನು ಸಿಡಿಸಿ ತೋರಿಸಿದನು. ಮೊದಲ ಸಲ ಪೀಪಾಯಿಗಳು ತಲೆಕೆಳಗಾಗಿ, ಬೆಂಕಿ ಹತ್ತಿಸುವ ಮದ್ದು ಉದುರಿ ಏನೂ ಆಗಲಿಲ್ಲ, ಜನ ನಕ್ಕರು. ಮತ್ತೆ ಸರಿಪಡಿಸಿದ ಮೇಲೆ ಕೆಲಸವಾಯಿತು. ಒಂದು ತಿಂಗಳೂ ಕಳೆಯಲಿಲ್ಲ, ಆಗಸ್ಟ್ 17ರಂದು ಅವನ ಉಗಿಹಡಗು ಹಡ್ಸನ್ ನದಿಯಲ್ಲಿ ನ್ಯೂಯಾರ್ಕಿನಿಂದ ಆಲ್ಬನಿಗೆ ಹೊರಟಿತು. ಫುಲ್ಟನ್ನನ ಹುಚ್ಚು ಎಂದು ಜನ ಅದಕ್ಕೆ ಹೆಸರಿಟ್ಟಿದ್ದರು. 150 ಮೈಲಿಯನ್ನು ಅದು 32 ಗಂಟೆಗಳಲ್ಲಿ ಮುಟ್ಟಿತು. ಇದು ಎಲ್ಲ ಪುಸ್ತಕಗಳಲ್ಲಿಯೂ ಇರುವ ಕಥೆ, ಇಲ್ಲಿ ಬೆಳೆಸುವುದಿಲ್ಲ. ಮರುವರ್ಷ ಲಿವಿಂಗ್‌ಸ್ಟನ್ ಮನೆತನದ ಹ್ಯಾರಿಯೆಟ್ಟಳನ್ನು ಮದುವೆಯಾದನು. ನಾಲ್ವರು ಮಕ್ಕಳಾದರು.

ಹಣ ಬಂತು, ಕೀರ್ತಿ ಬಂತು. ಆದರೂ ಟಾರ್ಪೆಡೊ ಅವನನ್ನು ಬಿಡಲಿಲ್ಲ. 1810ರಲ್ಲಿ ಅದರ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದನು. ಅಮೆರಿಕದ ಕಾಂಗ್ರೆಸ್ ಪ್ರಯೋಗಕ್ಕೆ 5,000 ಡಾಲರು ಮಂಜೂರು ಮಾಡಿತು. ಪರೀಕ್ಷೆಗೆ ನಿಂತ ಆರ್ಗಸ್ ಎಂಬ ಯುದ್ಧನೌಕೆಯ ಅಧಿಕಾರಿಗಳು ಬುದ್ಧಿವಂತರು. ಹಡಗಿನ ಸುತ್ತ ನೀರಿನೊಳಗೆ ಬಲೆ ಇಳಿಬಿಟ್ಟರು, ಮರದ ದಿಮ್ಮಿಗಳನ್ನು ಅಡ್ಡ ಕಟ್ಟಿದರು, ಹತ್ತಿರ ಬಂದ ದೋಣಿಯ ಮೇಲೆ ಬೀಳಿಸಲು ಭಾರದ ಕಬ್ಬಿಣ ತೂಗಿಹಾಕಿದರು. ಟಾರ್ಪೆಡೊಗೆ ಹತ್ತಿರ ಸುಳಿಯಲೂ ಆಗಲಿಲ್ಲ. ಮಂಡಲಿ ಸಂಶಯವನ್ನೇ ಬರೆಯಿತು. ಫುಲ್ಟನ್ ಸೋಲನ್ನು ಒಪ್ಪಿಕೊಂಡನು, ಆದರೆ ಒಂದು ಮಾತು ಸೇರಿಸಿದನು. ಇನ್ನೂ ಶೈಶವದಲ್ಲಿರುವ ವಿದ್ಯೆಯೊಂದು ಯುದ್ಧನೌಕೆಯನ್ನು ಇಷ್ಟೆಲ್ಲ ಬಲೆಯೊಳಗೆ ಅಡಗಿಕೊಳ್ಳುವಂತೆ ಮಾಡಿದ ಮೇಲೆ, ಅದು ಬೆಳೆದ ದಿನ ಏನಾದೀತೆಂದು ಯೋಚಿಸಿ ಎಂಬ ಅರ್ಥದ ಮಾತು.

1812ರಲ್ಲಿ ಇಂಗ್ಲೆಂಡಿಗೂ ಅಮೆರಿಕಕ್ಕೂ ಯುದ್ಧ ಬಂತು. ಫುಲ್ಟನ್ನನ ರೀತಿಯ ಟಾರ್ಪೆಡೊಗಳನ್ನು ಹಿಡಿದು ಕೆಲವು ಸಾಹಸಿಗಳು ಇಂಗ್ಲಿಷ್ ಹಡಗುಗಳ ಮೇಲೆ ಹೋದರು. ಒಂದು ಹಡಗೂ ಮುಳುಗಲಿಲ್ಲ. ಆದರೆ ಟ್ರಫಾಲ್ಗರಿನಲ್ಲಿ ನೆಲ್ಸನ್ನನ ಪಕ್ಕದಲ್ಲಿ ನಿಂತಿದ್ದ ಕಪ್ತಾನ ಹಾರ್ಡಿಯಂಥ ಧೀರನೂ ತನ್ನ ಹಡಗಿನ ಅಡಿಭಾಗವನ್ನು ಆಗಾಗ ಹಗ್ಗದಿಂದ ಸವರಿ ಪರೀಕ್ಷಿಸುವಂತಾಯಿತು. ಅಮೆರಿಕನ್ ಸೆರೆಯಾಳುಗಳೂ ತನ್ನ ಹಡಗಿನಲ್ಲಿದ್ದಾರೆ, ಸಿಡಿಸಿದರೆ ಅವರೂ ಸಾಯುತ್ತಾರೆ ಎಂದು ಅವನು ಸಾರಿದನು. ಹತ್ತು ವರ್ಷದ ಹಿಂದೆ ಬೂಲೋನಿನಲ್ಲಿ ಆಟಿಕೆಯೆನಿಸಿದ ವಸ್ತು ತಮ್ಮ ಕಡೆಗೇ ತಿರುಗಿದಾಗ ಆಟಿಕೆಯಾಗಿ ಉಳಿಯಲಿಲ್ಲ.

ನ್ಯೂಯಾರ್ಕ್ ಬಂದರಿನ ರಕ್ಷಣೆಗೆಂದು ಫುಲ್ಟನ್ ಕಟ್ಟಿದ ಉಗಿಯ ಯುದ್ಧನೌಕೆಯನ್ನು 1814ರ ಅಕ್ಟೋಬರ್ 29ರಂದು ನೀರಿಗಿಳಿಸಿದರು. ಜಗತ್ತಿನ ಮೊದಲ ಉಗಿ ಯುದ್ಧನೌಕೆ ಅದು. ಕಟ್ಟುಮರದಂತೆ ಎರಡು ಒಡಲು, ನಡುವೆ ಚಕ್ರ. ಇದರ ಜೊತೆಗೆ ಇನ್ನೊಂದು ನೌಕೆಯನ್ನೂ ಆರಂಭಿಸಿದ್ದನು. ಅರ್ಧ ಮುಳುಗಿ ಸಾಗುವ, ಸದ್ದಿಲ್ಲದ ಯಂತ್ರದ ನೌಕೆ. ಅದಕ್ಕೆ ಮೂಕ ಎಂಬ ಅರ್ಥದ ಹೆಸರಿಟ್ಟಿದ್ದನು.

1815ರ ಚಳಿಗಾಲದಲ್ಲಿ ಉಗಿಹಡಗಿನ ಹಕ್ಕಿನ ವ್ಯಾಜ್ಯಕ್ಕಾಗಿ ಹೋಗಿ ಮರಳುವಾಗ, ಹೆಪ್ಪುಗಟ್ಟಿದ ಹಡ್ಸನ್ ನದಿಯ ಮೇಲೆ ನಡೆದು ಬರಬೇಕಾಯಿತು. ಜೊತೆಗಿದ್ದ ವಕೀಲ ಮಿತ್ರ ಎಮೆಟ್ ಮಂಜು ಒಡೆದು ನೀರಿಗೆ ಬಿದ್ದನು. ಫುಲ್ಟನ್ ಅವನನ್ನು ಎಳೆದು ಮೇಲೆ ತಂದನು. ಒದ್ದೆ ಬಟ್ಟೆಯಲ್ಲಿ ನಡೆದದ್ದರಿಂದ ನೆಗಡಿ ಜ್ವರ ಹತ್ತಿತು. ಪೂರ್ತಿ ಗುಣವಾಗುವ ಮೊದಲೇ ಎದ್ದು ತನ್ನ ಯುದ್ಧನೌಕೆಯನ್ನು ನೋಡಲು ಹೋದನು. ಜ್ವರ ಮರುಕಳಿಸಿ ಫೆಬ್ರವರಿ 24ರಂದು ತೀರಿಕೊಂಡನು. ವಯಸ್ಸು 49. ಆ ಹೊತ್ತಿಗೆ ಇಂಗ್ಲೆಂಡಿನೊಡನೆ ಶಾಂತಿಯ ಒಪ್ಪಂದವಾಗಿತ್ತು. ಯುದ್ಧನೌಕೆ ಯಾವ ಯುದ್ಧವನ್ನೂ ಕಾಣಲಿಲ್ಲ. ಮೂಕನೌಕೆಯನ್ನು ಯಾರೂ ಮುಗಿಸಲಿಲ್ಲ.

ಅವನನ್ನು ನಂಬದವರ ಲೆಕ್ಕವನ್ನು ಈಗ ನೋಡಿದರೆ, ಕ್ಯಾವೆಂಡಿಶ್ ಮೊದಲಾದವರು ಕಣ್ಣೆದುರಿನ ಯಂತ್ರದ ಬಗ್ಗೆ ಸರಿಯಾಗಿಯೇ ಹೇಳಿದ್ದರು. ಕೈಯಿಂದ ತಿರುಗಿಸುವ ಮುಳುಗುದೋಣಿ ಯುದ್ಧಕ್ಕೆ ಬಾರದು. ಅದಕ್ಕೆ ಬ್ಯಾಟರಿ, ವಿದ್ಯುತ್ ಮೋಟಾರು, ತಾನೇ ಓಡುವ ಟಾರ್ಪೆಡೊ ಇವೆಲ್ಲ ಬೇಕಾಗಿದ್ದವು. ಅವು ಬರಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ಆದರೆ ಇಂದು ಆಗದು ಎಂಬ ಮಾತು ನೌಕಾ ಕಚೇರಿಗಳಲ್ಲಿ ಮೆಲ್ಲಗೆ ಎಂದಿಗೂ ಆಗದು ಎಂಬ ಮಾತಾಗಿಬಿಟ್ಟಿತು. ಒಂದನೆಯ ಮಹಾಯುದ್ಧದ ಆರಂಭದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಇಂಗ್ಲೆಂಡಿನ ಅನೇಕ ಅಧಿಕಾರಿಗಳು ಅಷ್ಟಾಗಿ ಲೆಕ್ಕಿಸಿರಲಿಲ್ಲ. 1914ರ ಸೆಪ್ಟೆಂಬರ್ 22ರ ಬೆಳಿಗ್ಗೆ ಯು-9 ಎಂಬ ಒಂದೇ ಹಳೆಯ ಜಲಾಂತರ್ಗಾಮಿ ಅಬೂಕಿರ್, ಹೋಗ್, ಕ್ರೆಸಿ ಎಂಬ ಮೂರು ಇಂಗ್ಲಿಷ್ ಯುದ್ಧನೌಕೆಗಳನ್ನು ಸುಮಾರು ಒಂದೂವರೆ ಗಂಟೆಯೊಳಗೆ ಮುಳುಗಿಸಿತು. ಮೊದಲನೆಯದು ಮುಳುಗುವಾಗ ಮೈನು ತಗಲಿತೆಂದೇ ಎಣಿಸಿ ಉಳಿದೆರಡು ಜನರನ್ನು ಎತ್ತಿಕೊಳ್ಳಲು ಹತ್ತಿರ ಬಂದು ನಿಂತಿದ್ದವು. 1,400ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹದಿನೈದು ಹದಿನಾರರ ಹುಡುಗರೂ ಇದ್ದರು. ನಮ್ಮ ಹತ್ತನೆಯ ತರಗತಿಯ ವಯಸ್ಸಿನವರು.

ಕಡಲು ಎಲ್ಲರದಾಗುವುದೆಂದು ಫುಲ್ಟನ್ ಕಂಡ ಕನಸು ಮಾತ್ರ ಆ ಅಸ್ತ್ರದಿಂದ ನಡೆಯಲಿಲ್ಲ. ನೌಕಾದಳಗಳು ಕೊನೆಗಾಣಲಿಲ್ಲ, ಪ್ರತಿಯೊಂದು ದೊಡ್ಡ ನೌಕಾದಳವೂ ಜಲಾಂತರ್ಗಾಮಿಯನ್ನು ಸೇರಿಸಿಕೊಂಡಿತು.

ಲಂಡನ್ನಿನಲ್ಲಿ ಅವನು ಬಿಟ್ಟುಹೋದ ನಕಾಶೆಗಳು ಅಲ್ಲಿಯೇ ಮರೆತುಹೋಗಿದ್ದವು. ಆ ಯುದ್ಧವೂ ಮುಗಿದ ಮೇಲೆ, 1920ರ ಸುಮಾರಿಗೆ, ಅವು ಮತ್ತೆ ಬೆಳಕಿಗೆ ಬಂದವು. ಪದಕದೊಳಗಿನ ಮುಖಚಿತ್ರಗಳನ್ನು ಬರೆದು ಪಳಗಿದ ಕೈ. ಮೊಳೆ, ಗುಮ್ಮಟ, ಚಕ್ರ, ಒಳಗೆ ಕುಳಿತ ಮನುಷ್ಯರು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು, ಬಣ್ಣ ತುಂಬಿ, ಕೆಳಗೆ ತನ್ನ ಹೆಸರು ಹಾಕಿದ್ದನು.